ಅಲುಕಾರ್ಡನ ಮಾರಿ

ನಮ್ಮನ್ಯಾಗ ಜಗಳಕ್ಕ ವಿಷಯದ ಬರಗಾಲ ಎಂದೂ ಬಂದಿಲ್ಲ ಬಿಡ್ರಿ. ಹುಳಿಗೆ ಬೆಲ್ಲಾ ಎಷ್ಟು, ಗ್ಯಾಸ್ ಬುಕ್ ಮಾಡೋದು ಯಾರು, ಫ್ಯಾನು ಎರಡರ ಮ್ಯಾಲೆ ಇರಬೇಕೋ ನಾಕರ ಮ್ಯಾಲೋ, ಇವೆಲ್ಲಾ ದಿನಾ ನಡಿಯೋವs. ಆದ್ರ ಕಳೆದ ಒಂದು ವರ್ಷದಿಂದ ಒಂದು ಜಗಳ ಮಾತ್ರ ಮುಗಿಯೋ ಲಕ್ಷಣನೇ ಕಾಣವಲ್ದು. ಡ್ರಾಕುಲಾನ ಮಗನ ಮಾರಿ ಹೆಂಗಿರಬೇಕು ಅನ್ನೋದು.

ಜಗಳಾಡೋವ್ರು ಇಬ್ಬರು. ಒಬ್ಬಾಂವ ನನ್ನ ತಮ್ಮ, ನಲವತ್ತರ ಹತ್ರ ಬಂದಾನ, ಬ್ಯಾಂಕಿನ್ಯಾಗ ನೌಕರಿ, ನೆತ್ತಿ ಮ್ಯಾಲಿನ ಕೂದಲಾ ಒಂದೊಂದs ರಜಾ ಹಾಕ್ಲಿಕತ್ತಾವ. ಇನ್ನೊಬ್ಬಾಂವ ನನ್ನ ಮಗ, ಈ ವರ್ಷ ಹತ್ತನೇತ್ತೆ. ತಮ್ಮನ ಮನಿ ಎರಡು ಓಣಿ ಆಚಿಗೆ, ಹಿಂಗಾಗಿ ಸಂಜಿಮುಂದಿನ ಚಹಾ ಅವ್ವನ್ನ ಕರಕೊಂಡು ಬಂದು ಇಲ್ಲೇ ಕುಡೀತಾನ. ನಾ ಆ ಆಟ ಒಮ್ಮೆನೂ ಆಡಿಲ್ಲ. ಚಪಾತಿ ಲಟ್ಟಿಸಿಗೋತ ಅಡಗಿ ಮನಿಯಿಂದ ಕೇಳಿದಾಕಿ ಅಷ್ಟ. ಆದ್ರ ದಿನಾ ಕೇಳಿದ್ರ ಯಾರಿಗರೆ ಬಾಯಿಪಾಠ ಆಗಂಗಿಲ್ಲೇನ್ರಿ?

ಆಟದ ಹೆಸರು ಕ್ಯಾಸಲ್ವೇನಿಯಾ. ಜಪಾನಿನ ಕೊನಾಮಿ ಕಂಪನಿಯವ್ರು 1986ರಾಗ ಶುರು ಮಾಡಿದ್ದು. ಕತಿ ಭಾಳ ಸರಳ ಅದ. ಡ್ರಾಕುಲಾ ಸಾಯ್ತಾನ, ಮತ್ತ ಹುಟ್ಟಿ ಬರ್ತಾನ, ಬೆಲ್ಮಾಂಟ್ ಅನ್ನೋ ಮನೆತನದಾಂವ ಒಬ್ಬ ಚಾಟಿ ಹಿಡಕೊಂಡು ಅವನ ಕ್ವಾಟಿಗೆ ಹೋಗಿ ಮತ್ತ ಕೊಲ್ತಾನ. ದಾರ್ಯಾಗ ಮೇಣಬತ್ತಿಗೆ ಚಾಟೀಲೆ ಹೊಡದ್ರ ಸಣ್ಣ ಸಣ್ಣ ಹೃದಯ ಬೀಳ್ತಾವ. ಕೆಲವು ಕಡೆ ಗ್ವಾಡಿ ಒಡದ್ರ ಒಳಗ ಹುರದ ಮಾಂಸ ಇರ್ತದ, ಅದನ್ನ ತಿಂದ್ರ ಹೀರೋಗ ಜೀವ ಬರ್ತದ. ಈ ಮಾತು ನಮ್ಮವ್ವನ ಕಿವಿಗೆ ಬಿದ್ದಾಗ ಆಕಿ ಜಪದ ಮಣಿ ಬಿಟ್ಟು, "ಅಯ್ಯ, ಗ್ವಾಡ್ಯಾಗ ಎಷ್ಟು ವರ್ಷದಿಂದ ಇತ್ತೋ ಏನೋ! ಹಳಸಿದ್ದು ತಿಂದ್ರ ಇದ್ದ ಜೀವ ಹೋಗ್ತದ, ಇವಂಗ ಬರ್ತದಂತ" ಅಂದ್ಲು. ಅದಕ್ಕ ಮಾಮಾ ಅಳಿಯ ಇಬ್ಬರ ಹಂತೇಕನೂ ಉತ್ತರ ಇರಲಿಲ್ಲ.

ಈಗ ಜಗಳದ ಮೂಲಕ್ಕ ಬರ್ತೇನಿ. 1997ರಾಗ ಇದೇ ಸಾಲಿನ್ಯಾಗ ಸಿಂಫನಿ ಆಫ್ ದ ನೈಟ್ ಅಂತ ಒಂದು ಬಂತು, ಪ್ಲೇಸ್ಟೇಷನ್‌ಗೆ. ಅವಾಗ ಎಲ್ಲಾ ಕಂಪನಿಯವ್ರಿಗೂ ತ್ರೀಡಿ ಹುಚ್ಚು ಹಿಡದಿತ್ತು. ಚಪ್ಪಟಿ ಚಿತ್ರದ ಆಟ ಅಂದ್ರ ಹಳೇ ಕಾಲದ್ದು ಅನ್ನೋ ಹೊತ್ತು. ತೋರು ಹಗಿಹಾರಾ, ಕೋಜಿ ಇಗರಾಶಿ ಅನ್ನೋವ್ರ ತಂಡ ಮಾತ್ರ ಚಪ್ಪಟಿನೇ ಇಟ್ಟು, ಅದರಾಗs ಇಡೀ ಕ್ವಾಟಿ ಬಿಚ್ಚಿ ಹರವಿತು. ಒಂದು ಬಾಗಲಾ ಬಿಟ್ಟು ಇನ್ನೊಂದು, ಹೋದ ದಾರಿಗೆ ತಿರುಗಿ ಬಂದು ಮತ್ತೊಂದು. ಅದು ಮುಗೀತು ಅನ್ನೋದ್ರಾಗ ಇಡೀ ಕ್ವಾಟಿ ತಲಿಕೆಳಗಾಗಿ ಮತ್ತ ಅಷ್ಟs ಆಟ ಇರ್ತದ. ನಮ್ಮ ತಮ್ಮ ಸಾಲ್ಯಾಗಿದ್ದಾಗ ಗೆಳ್ಯಾನ ಮನ್ಯಾಗ ಆಡಿ, ಮುಗೀತು ಅಂತ ತಿಳಕೊಂಡು ಮನಿಗೆ ಬಂದಿದ್ನಂತ. ಅರ್ಧನೇ ಆಡೀನಿ ಅಂತ ಗೊತ್ತಾಗ್ಲಿಕ್ಕೆ ಆರು ತಿಂಗಳಾ ಹಿಡೀತಂತ. ಇದನ್ನ ಹೇಳೋವಾಗ ಇವತ್ತಿಗೂ ಅವನ ಧ್ವನಿ ಬದಲಾಗ್ತದ.

ಆ ಆಟದ ಚಿತ್ರಾ ತಗದಾಕಿ ಅಯಾಮಿ ಕೊಜಿಮಾ. ಹೀರೋ ಅಲುಕಾರ್ಡ್, ಡ್ರಾಕುಲಾನ ಮಗ. ಡ್ರಾಕುಲಾ ಅನ್ನೋ ಇಂಗ್ಲಿಷ್ ಹೆಸರಿನ ಅಕ್ಷರಾ ಹಿಂದ ಮುಂದ ಮಾಡಿದ್ರ ಇವನ ಹೆಸರು. ಬೆಳ್ಳಗ ಬಿಳಿಚಿದ ಮಾರಿ, ಬೆನ್ನ ತುಂಬ ಇಳೇಬಿದ್ದ ಕೂದಲಾ, ಜರಿ ಕೆಲಸದ ಕರೀ ಕೋಟು, ಕಣ್ಣಾಗ ಅಳು ನಿಂತಂಗ. ಅಕ್ರಿಲಿಕ್ ಬಣ್ಣದ್ಲೆ ತಗದದ್ದು ಖರೆ, ನೋಡ್ಲಿಕ್ಕೆ ಮಾತ್ರ ಯಾವುದೋ ಹಳೇ ಚರ್ಚಿನ ಗ್ವಾಡಿ ಮ್ಯಾಲಿಂದ ಕಿತ್ತು ತಂದಂಗ ಅದ. ಆಟದಾಗ ಇರೋ ಮನುಷ್ಯಾ ಬಟ್ಟಿನಷ್ಟು ಸಣ್ಣಾಂವ, ಆದ್ರ ಈ ಚಿತ್ರಾ ಒಮ್ಮೆ ನೋಡಿದ್ರ ಆ ಬಟ್ಟಿನಷ್ಟಿದ್ದಾಂವನೊಳಗ ಇವನs ಕಾಣ್ತಾನ. ತಮ್ಮನ ಟ್ರೆಜರಿ ಬಾಗಲದ ಒಳಮೈಗೆ ಆ ಚಿತ್ರದ ಪ್ರಿಂಟು ಅಂಟಿಸಿದ್ದು ಇವತ್ತಿಗೂ ಅದ. ಅವನ ಹೆಂಡ್ತಿ ಮದುವಿ ಹೊಸದ್ರಾಗ "ಇದು ಯಾರ್ರಿ, ಗಂಡೋ ಹೆಣ್ಣೋ" ಅಂತ ಕೇಳಿ ಎರಡು ದಿನ ಮಾತು ಕಳಕೊಂಡಿದ್ಲು.

ಇನ್ನ ಮಗನ ಕಡೆಗೆ. 2003ರಾಗ ಏರಿಯಾ ಆಫ್ ಸಾರೋ ಬಂತು, ಹೀರೋ ಸೋಮಾ ಕ್ರೂಜ್ ಅನ್ನೋ ಹುಡುಗ, ಚಿತ್ರಾ ಕೊಜಿಮಾಂದು. ಅದರ ಮುಂದಿನ ಕತಿ ಡಾನ್ ಆಫ್ ಸಾರೋ 2005ರಾಗ ನಿಂಟೆಂಡೊ ಡಿಎಸ್‌ಗೆ ಬಂತು. ಹುಡುಗ ಅವನs, ಆದ್ರ ಮಾರಿ ಬ್ಯಾರೆ. ದೊಡ್ಡ ದೊಡ್ಡ ಕಣ್ಣು, ದಪ್ಪ ಗೆರಿ, ಟಿವಿ ಕಾರ್ಟೂನಿನ ಹಂಗ. ಡಿಎಸ್ ಆಡೋವ್ರು ಸಣ್ಣ ವಯಸ್ಸಿನವ್ರು, ಅವ್ರನ್ನ ಕರೀಬೇಕು ಅನ್ನೋದು ಇಗರಾಶಿ ಲೆಕ್ಕಾಚಾರ. ಹಳೇ ಅಭಿಮಾನಿಗಳು ಉರದು ಬಿದ್ರು. 2006ರ ಪೋರ್ಟ್ರೇಟ್ ಆಫ್ ರೂಇನ್ ಕೂಡ ಅದೇ ನಮೂನಿ. 2008ರ ಆರ್ಡರ್ ಆಫ್ ಎಕ್ಲೇಸಿಯಾಕ್ಕ ಮಸಾಕಿ ಹಿರೋಓಕಾ ಅನ್ನೋವ್ರು ಬಂದು ಮತ್ತ ಕತ್ತಲಿ, ಮತ್ತ ಗಂಭೀರ ಮಾರಿ. ಈ ಮೂರೂ ಕೂಡಿಸಿ 2024ರಾಗ ಡೊಮಿನಸ್ ಕಲೆಕ್ಷನ್ ಅಂತ ಮತ್ತ ಬಿಟ್ರು. ನನ್ನ ಮಗ ಕ್ಯಾಸಲ್ವೇನಿಯಾ ಮೊದಲು ನೋಡಿದ್ದs ಅದರಾಗ. ಅದರಾಗೂ ಮೊದಲು ಆಡಿದ್ದು ಡಾನ್ ಆಫ್ ಸಾರೋ. ಅವಂಗ ಸೋಮಾ ಅಂದ್ರ ಆ ದೊಡ್ಡ ಕಣ್ಣಿನ ಹುಡುಗನs. ಕೊಜಿಮಾನ ಸೋಮಾನ್ನ ಆಮ್ಯಾಲೆ ನೋಡಿ, "ಮಾಮಾ, ಇಂವಗ ಜ್ವರ ಬಂದಂಗ ಕಾಣ್ತದಲ್ಲ" ಅಂದಾ. ಮುಗೀತು. ಅವತ್ತಿನಿಂದ ಯುದ್ಧ.

ತಮ್ಮನ ವಾದ ಹಿಂಗ. ಮನಿ ಸುಣ್ಣಾ ಬದಲಿ ಮಾಡ್ರಿ, ಆದ್ರ ದೇವರ ಮನಿ ಮೂರ್ತಿ ಬದಲಿ ಮಾಡಬ್ಯಾಡ್ರಿ. ಆ ಚಿತ್ರದಾಗಿನ ದುಃಖ ತಗದ್ರ ಆಟದ ಜೀವನೇ ಹೋತು. ಮಗ ಸುಮ್ಮನ ಕೂಡೋ ಪೈಕಿ ಅಲ್ಲ. ಎಲ್ಲಾ ಹುಡಿಕಿ ಇಟ್ಟಿದ್ದಾ. "ಅಲುಕಾರ್ಡ್ ಮೊದಲು ಬಂದದ್ದು 1989ರಾಗ, ಮೂರನೇ ಆಟದಾಗ. ಅವಾಗ ಹಳೇ ಇಂಗ್ಲಿಷ್ ಸಿನಿಮಾದ ಡ್ರಾಕುಲಾನ ಹಂಗs ಇದ್ದಾ. ಅವನ್ನ ಕೊಜಿಮಾನೇ ಬದಲಿ ಮಾಡಿದ್ಲು. ಮೊದಲನೇ ಆಟದ ಸೈಮನ್ ಪೈಲ್ವಾನನ ಹಂಗಿದ್ದಾ, ಅವಂಗ 2001ರಾಗ ಕೆಂಪು ಕೂದಲಾ ಬಿಡಿಸಿದಾಕಿನೂ ಆಕಿನೇ. ನೀ ನೋಡಿದ್ದು ಮೂಲ ಅಲ್ಲ ಮಾಮಾ, ನೀ ಮೊದಲು ನೋಡಿದ್ದು ಅಷ್ಟ." ನಾ ಒಳಗ ಲಟ್ಟಣಗಿ ನಿಲ್ಲಿಸಿ ನಕ್ಕೆ. ತಮ್ಮ ಚಹಾ ತಣ್ಣಗಾಗೇದ ಅಂತ ನನ್ನ ಮ್ಯಾಲೆ ಹರಿಹಾಯ್ದಾ.

ಆದ್ರ ನ್ಯಾಯ ಹೇಳಬೇಕಂದ್ರ ತಮ್ಮನ ಮಾತಿನ್ಯಾಗೂ ಹುರುಳು ಅದ. ಬದಲಿ ಮಾಡೋದ್ರಾಗೂ ಎರಡು ನಮೂನಿ ಇರ್ತಾವ. ಕೊಜಿಮಾ ಅಲುಕಾರ್ಡನ್ನ ಬದಲಿ ಮಾಡಿದಾಗ ಅವಂಗ ಒಂದು ಮನಸ್ಸು ಕೊಟ್ಲು. ಅಪ್ಪನ್ನ ಕೊಲ್ಲಿಕ್ಕೆ ಹೊಂಟ ಮಗನ ಮಾರಿ ಹೆಂಗಿರಬೇಕೋ ಹಂಗ ಅದ. ಡಾನ್ ಆಫ್ ಸಾರೋದಾಗ ಗಿರಾಕಿ ನೋಡಿ ಮಾರಿ ಬರದಾರ, ಹುಡುಗನ್ನ ನೋಡಿ ಅಲ್ಲ. ನನಗ ಇಷ್ಟು ತಿಳಿದದ್ದು. ಮತ್ತ ಒಂದು ಗುಟ್ಟು ಹೇಳ್ಲಿ? ಆ ಆಟದಾಗ ಬದಲಾದದ್ದು ಮಾತಾಡೋವಾಗ ಬರೋ ಮಾರಿಗೋಳು ಅಷ್ಟ. ಕ್ವಾಟಿ, ದೆವ್ವಾ, ಬಡದಾಟ, ಹಾಡು ಎಲ್ಲಾ ಭಾಳ ಛಲೋ ಅವ ಅಂತ ಇಬ್ಬರೂ ಒಪ್ತಾರ. ಬೈಕೋತ ಬೈಕೋತ ನಮ್ಮ ತಮ್ಮ ಅದನ್ನ ಎರಡು ಸರ್ತಿ ಮುಗಿಸ್ಯಾನ.

2010ರ ಲಾರ್ಡ್ಸ್ ಆಫ್ ಶ್ಯಾಡೋ ಬಗ್ಗೆ ಕೇಳಲೇಬ್ಯಾಡ್ರಿ. ಸ್ಪೇನ್ ದೇಶದ ಮರ್ಕ್ಯುರಿಸ್ಟೀಮ್ ಅನ್ನೋವ್ರ ಕೈಗೆ ಕೊಟ್ಟು ಪೂರಾ ಹೊಸ ಕತಿ ಮಾಡಿಸಿದ್ರು. ತ್ರೀಡಿ, ಸಿನಿಮಾದಂಗ. ಡ್ರಾಕುಲಾನ್ನ ಕೊಲ್ಲೋ ಬೆಲ್ಮಾಂಟನೇ ಕಡೀಕೆ ಡ್ರಾಕುಲಾ ಆಗ್ತಾನ. ಮಾಮಾ ಅಳಿಯ ಇಬ್ಬರೂ ಕೂಡಿ ಬೈಯೋದು ಇದೊಂದನ್ನ. ನನಗ ಮಾತ್ರ ಆ ಕತಿನೇ ಎಲ್ಲಕ್ಕಿಂತ ಮನಸ್ಸಿಗೆ ಹತ್ತೇದ, ಆದ್ರ ಅಡಗಿ ಮನಿಯವ್ರ ಮತ ಯಾರು ಎಣಸ್ತಾರ.

ಇಷ್ಟ ಆಗಿದ್ರ ನಾ ಬರೀತಿರಲಿಲ್ಲ. ಮಗ ಚಿತ್ರಾ ತಗೀತಾನ. ಗಣಿತದ ವಹಿಯ ಹಿಂದಿನ ಹಾಳಿ ಎಲ್ಲಾ ಅವs. ಹತ್ತನೇತ್ತೆ ಆದಮ್ಯಾಲೆ ಚಿತ್ರಕಲಾ ಕಾಲೇಜಿಗೆ ಹೋಗ್ತೇನಿ ಅಂತಾನ, ನಮ್ಮನಿಯವ್ರು ಸೈನ್ಸ್ ಅಂತಾರ. ದೀಪಾವಳಿ ಮುಂದ ಒಂದಿನ ಅಂವ ತನ್ನ ಅಲುಕಾರ್ಡನ್ನ ತಗದು ಮಾಮಾಗ ತೋರಿಸಿದಾ. ಮಾರಿ ಆ ದೊಡ್ಡ ಕಣ್ಣಿನ ನಮೂನಿ, ಕೋಟು ಕೊಜಿಮಾನ ನಮೂನಿ. ತಮ್ಮ ಫೋನ್ ನೋಡಿಗೋತನs, "ಛಲೋ ಅದ, ಆದ್ರ ಇದು ಅಲುಕಾರ್ಡ್ ಅಲ್ಲಲೇ" ಅಂದಾ. ಹುಡುಗ ಏನೂ ಮಾತಾಡಲಿಲ್ಲ. ವಹಿ ಮುಚ್ಚಿ ಒಳಗ ಹೋದಾ. ಆಮ್ಯಾಲೆ ಒಂದು ತಿಂಗಳಾ ಪೆನ್ಸಿಲ್ ಮುಟ್ಟಲಿಲ್ಲ. ನಮ್ಮನಿಯವ್ರಿಗೆ ಒಳಗೊಳಗ ಖುಷಿ. ನನಗ ಮಾತ್ರ ಮನ್ಯಾಗ ಯಾರೋ ಒಬ್ಬರು ಕಡಿಮಿ ಆದಂಗ ಅನಸ್ತಿತ್ತು.

ಒಂದಿನ ತಮ್ಮಂಗ ಅಂದೆ, "ನೀ ಬೈಯೋದು ಕೊನಾಮಿಗೆ ಬೈಯಪಾ. ಅವ್ರು ನಿನ್ನ ರೊಕ್ಕಾ ತಗೊಂಡಾರ. ಇಂವ ಏನು ತಗೊಂಡಾನ?" ಅವಂಗ ನಾಟಿತು ಅಂತ ಕಾಣ್ತದ, ಬಿಸ್ಕೀಟು ಚಹಾದಾಗ ಮುಳಗಿ ಹೋತು, ನೋಡಲಿಲ್ಲ.

ಆಮ್ಯಾಲೆ ಅವನs ಇಗರಾಶಿ ಕತಿ ಹೇಳಿದಾ. ಇಗರಾಶಿ 2014ರಾಗ ಕೊನಾಮಿ ಬಿಟ್ಟು, ಮರುವರ್ಷ ಅಭಿಮಾನಿಗಳ ಹಂತೇಕ ರೊಕ್ಕಾ ಕೇಳಿ ಬ್ಲಡ್‌ಸ್ಟೇನ್ಡ್ ಅನ್ನೋ ಆಟಕ್ಕ ಕೈ ಹಚ್ಚಿದಾ. ಜನಾ 55 ಲಕ್ಷ ಡಾಲರಿಗಿಂತ ಹೆಚ್ಚಿಗೆ ಕೊಟ್ರು. ನಡುವ ತುಣುಕು ತೋರಿಸಿದಾಗ ಅದೇ ಜನಾ, ಬಣ್ಣಾ ಸರಿ ಇಲ್ಲ, ಬೆಳಕು ಸರಿ ಇಲ್ಲ ಅಂತ ಗದ್ಲಾ ಮಾಡಿದ್ರು. ಅಂವ ಸಿಟ್ಟು ಮಾಡ್ಕೊಳ್ಳಿಲ್ಲ. ಕುಂತು ತಿದ್ದಿಸಿ, 2019ರಾಗ ಮೊದಲಿಂದು ಹಿಂಗಿತ್ತು, ಈಗ ಹಿಂಗದ ಅಂತ ಎರಡನ್ನೂ ಬಾಜೂಕ ಇಟ್ಟು ತೋರಿಸಿದಾ. "ನಾನೂ ಹಂಗs ತಿದ್ದಬೇಕು ಅಂತ ಹೇಳಿದ್ದಕ್ಕಾ" ಅಂದಾ ತಮ್ಮ. ನಾ ಅಂದೆ, "ಅವ್ರು ಬಣ್ಣಾ ಸರಿ ಇಲ್ಲ, ಬೆಳಕು ಸರಿ ಇಲ್ಲ ಅಂತ ಬಿಡಿಸಿ ಹೇಳಿದ್ರು. ನೀ ಏನು ಹೇಳ್ದಿ? ಇದು ಅದs ಅಲ್ಲ ಅಂದಿ. ಅದನ್ನ ಹೆಂಗ ತಿದ್ದೋದು?"

ನಮ್ಮವ್ವ ಕಸೂತಿ ಹಾಕ್ತಾಳ. ಗವಂತಿ ಟಾಕಾದಾಗ ಗಂಟು ಹಾಕಂಗಿಲ್ಲ, ಸೀರಿ ಮುಂದ ಹೆಂಗೋ ಹಿಂದನೂ ಹಂಗs ಕಾಣಬೇಕು. ಆಕಿಗೆ ಯಾವ ಕಸೂತಿ ತೋರಿಸಿದ್ರೂ ಮೊದಲು ಹೊಳ್ಳಿಸಿ ನೋಡ್ತಾಳ. ಹೂವಿನ ಬಣ್ಣಾ ಹೊಸಾದಿದ್ರೂ ಅನ್ನಂಗಿಲ್ಲ, ತಾನು ಮೊಬೈಲ್ ಚೀಲದ ಮ್ಯಾಲೆ ಆನಿ ಅಂಬಾರಿ ಹಾಕಿದಾಕಿ. ಹಿಂದ ಗಂಟು ಕಂಡ್ರ ಮಾತ್ರ ಬಿಡಂಗಿಲ್ಲ. ಅವತ್ತು ಮೊಮ್ಮಗನ ವಹಿ ತರಿಸಿ, ಕನ್ನಡಕ ಏರಿಸಿ, ಅಲುಕಾರ್ಡನ್ನ ಭಾಳ ಹೊತ್ತು ನೋಡಿದ್ಲು. "ಇಂವ ಖಡ್ಗ ಹಿಡದಾನೋ ಸೌಟು ಹಿಡದಾನೋ? ಬೆರಳು ನೋಡು" ಅಂದ್ಲು. ತಮ್ಮ ಬಗ್ಗಿ ನೋಡಿದಾ. ಹುಡುಗನೂ ಬಗ್ಗಿ ನೋಡಿದಾ. "ಹೌದಲ್ಲಾ, ಹೆಬ್ಬಟ್ಟು ಆ ಕಡೆ ಬರಬೇಕು" ಅಂದಾ ತಮ್ಮ, ತನ್ನ ಕೈಯ್ಯಾಗ ಚಮಚಾ ಹಿಡದು ತೋರಿಸಿದಾ. ಅವತ್ತು ಅಂವ ಅರ್ಧಾ ತಾಸು ಚಮಚಾ ಹಿಡಕೊಂಡs ಕೂತಿದ್ದಾ, ಅಳಿಯ ಅವನ ಕೈ ಬರಕೊಳ್ಳಿಕತ್ತಿದ್ದಾ.

ಈಗ ಮತ್ತ ಜಗಳ ಶುರು ಆಗೇದ, ಚಿತ್ರಾನೂ ಶುರು ಆಗ್ಯಾವ. ಕಾಲೇಜಿನ ಮಾತು ಇನ್ನೂ ಬಗಿಹರಿದಿಲ್ಲ. ಮೊನ್ನೆ ಊಟಕ್ಕ ಕೂತಾಗ ನಮ್ಮನಿಯವ್ರು ಒಮ್ಮೆಲೇ, "ಅಲ್ಲಲೇ, ನಿಮ್ಮ ಆ ಕೊಜಿಮಾ ಯಾವ ಕಾಲೇಜಿನ್ಯಾಗ ಕಲ್ತಾಕಿ?" ಅಂತ ಕೇಳಿದ್ರು. ತಮ್ಮ ಕಣ್ಣು ಹೊಡದು ಸುಮ್ಮನಿರು ಅಂತ ಸನ್ನಿ ಮಾಡೋದ್ರಾಗ ಮಗ ಎದಿ ಉಬ್ಬಿಸಿ, "ಯಾವ ಕಾಲೇಜೂ ಇಲ್ಲಪ್ಪಾ, ಆಕಿ ತಾನs ಕಲ್ತಾಕಿ" ಅಂದುಬಿಟ್ಟಾ.

ನಮ್ಮನಿಯವ್ರು ಸಾವಕಾಶ ಮಜ್ಜಿಗಿ ಹಾಕ್ಕೊಂಡು, "ಹಂಗಿದ್ರ ಛಲೋನೇ ಆತು. ನೀನೂ ಸೈನ್ಸ್ ತಗೊಂಡು ಮನ್ಯಾಗ ಕಲಿ" ಅಂದ್ರು.