ಪೈನ್ ಸೆಂಟು, ಅವರೆ ಸೊಗಡು

ಅಮೆರಿಕದಿಂದ ಬಂದ ನಾದಿನಿಯ ಮಗಳು ಒಂದು ಸೆಂಟಿನ ಸೀಸೆ ಕೊಟ್ಟಳು. ಮೇಲೆ ಹಿಮ ಹೊತ್ತು ನಿಂತ ಪೈನ್ ಮರಗಳ ಚಿತ್ರ. ಮಣಿಕಟ್ಟಿಗೆ ಹಚ್ಚಿಕೊಂಡದ್ದೇ ತಡ, ಅಡುಗೆಮನೆಯಿಂದ ಅತ್ತೆಯವರ ದನಿ: "ಇಷ್ಟೊತ್ನಲ್ಲಿ ನೆಲ ಒರಿಸ್ತಾ ಇದೀಯೇನವ್ವಾ?"

ಅವರ ಮೂಗಿನ ತಪ್ಪಲ್ಲ. ಬಿಳಿ ಫಿನಾಯಿಲಿಗೆ ಹಾಕುವುದೂ ಪೈನ್ ಎಣ್ಣೆಯನ್ನೇ. ಅಲ್ಲಿನವರಿಗೆ ಕ್ರಿಸ್‌ಮಸ್ ತರುವ ವಾಸನೆ ನಮಗೆ ಆಸ್ಪತ್ರೆಯ ವರಾಂಡ ತರುತ್ತದೆ. ಸ್ವಲ್ಪ ಹೊತ್ತಿಗೆ ಆ ಚುರುಕು ಇಳಿದು, ಅಡಿಯಿಂದ ಅಂಟಿನ ಘಮ ಎದ್ದಿತು. "ಸಾಂಬ್ರಾಣಿ ಹಾಕ್ದಾ? ಚೆನ್ನಾಗದೆ" ಎಂದು ಅತ್ತೆ ಮೆಚ್ಚಿದರು. ಅದೂ ಸರಿಯೇ. ಪೈನ್ ಮರಕ್ಕೆ ಆ ವಾಸನೆ ಕೊಡುವ ಪೈನೀನ್ ಧೂಪಕ್ಕೆ ಬಳಸುವ ಕೆಲವು ಮರದಂಟುಗಳಲ್ಲೂ ಇರುತ್ತದೆ.

ಚಳಿಗಾಲದ ಹಚ್ಚಹಸಿರು ಕಾಡು ನಮ್ಮ ಸೀಮೆಯದಲ್ಲ. ಸಾವನದುರ್ಗದ ಸುತ್ತಲಿನದು ಎಲೆಯುದುರುವ ಒಣಕಾಡು. ಹಸಿರು ಬೇಕೆಂದರೆ ಕನಕಪುರ ದಾಟಿ, ಅರ್ಕಾವತಿ ಕಾವೇರಿಗೆ ಸೇರುವ ಸಂಗಮಕ್ಕೇ ಹೋಗಬೇಕು. ಅಲ್ಲಿ ಹೊಳೆಮತ್ತಿಯ ನೆರಳಿನಲ್ಲಿರುವುದು ಕೊಳೆತೆಲೆಯ, ಕೆಸರಿನ, ಮೀನಿನ ವಾಸನೆ. ಅದನ್ನು ಯಾರೂ ಸೀಸೆಗೆ ಇಳಿಸಲಾರರು. ರಾಮನಗರದ ಚಳಿಯ ಮುಂಜಾವನ್ನಂತೂ ಕೇಳಲೇಬೇಡಿ. ಬಿಸಿನೀರಿನಲ್ಲಿ ರೇಷ್ಮೆಗೂಡು ಬೇಯುವ ಆ ನಾತಕ್ಕೆ ಊರಿನವರ ಮೂಗು ಒಗ್ಗಿಹೋಗಿದೆ, ನೆಂಟರದು ಒಗ್ಗುವುದಿಲ್ಲ.

ಚನ್ನಪಟ್ಟಣದ್ದು ಬೇರೆ. ಲೇತಿನಲ್ಲಿ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಅರಗು ಮರದ ಅಂಟಲ್ಲ, ಹುಳು ಸುರಿಸಿದ್ದು. ಆದರೂ ಬೊಂಬೆ ಮಾಡುವ ಕೋಣೆಯಲ್ಲಿ ಮರದ ಪುಡಿಯೊಂದಿಗೆ ಬೆರೆತ ಆ ಬೆಚ್ಚನೆಯ ಘಮ, ನಮ್ಮ ಸೀಸೆಯ ಕಾಡಿಗಿಂತ ಹೆಚ್ಚು ಕಾಡಿನದು ಎನಿಸುತ್ತದೆ ನನಗೆ.

ಆದರೆ ಮಾಗಡಿಯವರಿಗೆ ಚಳಿಯ ವಾಸನೆ ಎಂದರೆ ಒಂದೇ ಗೊತ್ತು, ಅವರೆಕಾಯಿಯದು. ಕಾಯಿಯ ಹೊರಮೈಯಲ್ಲಿ ಒಸರುವ ಜಿಡ್ಡಿನಲ್ಲಿರುತ್ತದೆ ಸೊಗಡು, ಅದರಲ್ಲಿ ಕೊಬ್ಬಿನಾಮ್ಲಗಳಿವೆ. ಪೈನೀನಿನ ಹಾಗೆ ಗಾಳಿಗೆ ಹಾರಿಹೋಗುವ ಜಾತಿಯಲ್ಲ ಅದು, ಬೆರಳಿಗೆ ಅಂಟಿ ಕೂರುವ ಜಾತಿ. ಸುಲಿದ ಕೈಯನ್ನು ಸೋಪಿನಲ್ಲಿ ತೊಳೆದರೂ ರಾತ್ರಿ ಹಾಸಿಗೆಯವರೆಗೆ ಬರುತ್ತದೆ. ಮಂಜು ಬಿದ್ದಷ್ಟೂ ಸೊಗಡು ಎನ್ನುತ್ತಾರೆ ರೈತರು. ಡಿಸೆಂಬರ್ ಬಂದರೆ ಬೆಂಗಳೂರಿನ ಬಸ್ಸಿಗೆ ಮೂಟೆ ಹತ್ತುತ್ತದೆ, ಮೂಟೆಯ ಹಿಂದೆ ಸೊಗಡು, ಸೊಗಡಿನ ಹಿಂದೆ ಕಂಡಕ್ಟರರ ಗೊಣಗಾಟ.

ಬೆಂಗಳೂರಿನ ಅವರೆಬೇಳೆ ಮೇಳದಲ್ಲಿ ದೋಸೆಯಿಂದ ಜಾಮೂನಿನವರೆಗೆ ಎಲ್ಲದಕ್ಕೂ ಅವರೆ ಬೀಳುತ್ತದೆ. ರುಚಿಗೆ ಕೊರತೆಯಿಲ್ಲ. ಆದರೆ ಅಲ್ಲಿಗೆ ಬರುವುದು ಸುಲಿದು, ನೆನೆಸಿ, ಹಿತುಕಿದ ಬೇಳೆ. ಸೊಗಡಿನ ಬಹುಪಾಲು ಸಿಪ್ಪೆಯ ಜೊತೆ ಮಾಗಡಿಯಲ್ಲೇ ದನದ ಮುಂದೆ ಬಿದ್ದಿರುತ್ತದೆ.