ವೇಷದೊಳಗಿರುವ ಮಗು

ಆಗಸ್ಟ್ ತಿಂಗಳು ಬಂತೆಂದರೆ ನಮ್ಮಂಥ ಊರುಗಳಲ್ಲಿ ಟೈಲರ್‌ಗಳಿಗಿಂತ ಹೆಚ್ಚು ಕೆಲಸ ತಾಯಂದಿರಿಗೆ. ಸ್ವಾತಂತ್ರ್ಯ ದಿನ, ಕೃಷ್ಣಾಷ್ಟಮಿ, ಶಾಲೆಯ ಪ್ರತಿಭಾ ಕಾರಂಜಿ, ನವೆಂಬರ್‌ನಲ್ಲಿ ರಾಜ್ಯೋತ್ಸವ, ಮಕ್ಕಳ ದಿನಾಚರಣೆ – ಎಲ್ಲಾದರೂ ಒಂದು ಕಡೆ ಛದ್ಮವೇಷ ಸ್ಪರ್ಧೆ ಇದ್ದೇ ಇರುತ್ತದೆ. "ಟೀಚರ್, ನಮ್ಮ ಪುಟ್ಟಿಗೆ ಯಾವ ವೇಷ ಹಾಕಿದ್ರೆ ಚೆನ್ನ?" ಎಂದು ಕೇಳುವವರಿಗೆ ನಾನು, "ಯಾವ ವೇಷದಲ್ಲಿ ಅವಳು ಚಕ್ಕಲುಮಕ್ಕಲು ಹಾಕಿ ಕೂರಬಲ್ಲಳು, ಅದು ಹೇಳಿ" ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ.

ಲೆಕ್ಕ ಹಾಕಿ ನೋಡಿ. ವೇದಿಕೆಯ ಮೇಲೆ ಮಗು ಇರುವುದು ಎರಡು ನಿಮಿಷ. ಅದಕ್ಕೆ ಮೊದಲು ಅತಿಥಿಗಳು ಬರುವವರೆಗೆ, ಸ್ವಾಗತ ಭಾಷಣ ಮುಗಿಯುವವರೆಗೆ, ತನ್ನ ಸರದಿ ಬರುವವರೆಗೆ ಅದು ಕಾಯುವುದು ಎರಡು ಮೂರು ಗಂಟೆ. ನಾವು ವೇಷ ಹೊಲಿಯುವುದು ಆ ಎರಡು ನಿಮಿಷಕ್ಕೆ, ಇನ್ನೂ ನಿಜ ಹೇಳಬೇಕೆಂದರೆ ಒಂದು ಫೋಟೋಗೆ.

ಕೆಲವು ವರ್ಷಗಳ ಹಿಂದೆ ಒಂದು ಸ್ಪರ್ಧೆಗೆ ನಾನು ತೀರ್ಪುಗಾರಳಾಗಿ ಹೋಗಿದ್ದೆ. ಮೂರನೇ ತರಗತಿಯ ಹುಡುಗಿಯೊಬ್ಬಳು ಕಿತ್ತೂರು ಚೆನ್ನಮ್ಮನಾಗಿ ಬಂದಿದ್ದಳು. ಅಮ್ಮನ ರೇಷ್ಮೆ ಸೀರೆ, ಕಚ್ಚೆ, ಸೊಂಟಕ್ಕೆ ಡಾಬು, ತಲೆಗೆ ಬಾಡಿಗೆಯ ಕಿರೀಟ. ನೋಡಲು ಎರಡು ಕಣ್ಣು ಸಾಲದು. ಮಾತಾಡಬೇಕಾದಾಗ ಮಾತ್ರ ಮಗುವಿನ ತುಟಿ ಅದುರಿತು. 1824ರಲ್ಲಿ ಥ್ಯಾಕರೆಯನ್ನು ಎದುರಿಸಿದ ರಾಣಿ ಎಲ್ಲರೆದುರು ಕಾಲಿಗೆ ಕಾಲು ಅಂಟಿಸಿ ನಿಂತಳು, ಆಮೇಲೆ ಸೀರೆ ಒದ್ದೆಯಾಯಿತು. ಮುಂದೆ ಕೂತ ಹುಡುಗರು ನಕ್ಕರು. ನಾನು ಎದ್ದು ಹೋಗಿ ಅವಳನ್ನು ಒಳಗೆ ಕರೆದೊಯ್ದು ಸೀರೆ ಬಿಚ್ಚಲು ಕೂತೆ. ಇಪ್ಪತ್ತೆರಡು ಪಿನ್ನು! ಆಗಲೇ ಎರಡು ಸಲ ಕೇಳಿದ್ದಳಂತೆ. "ಬಿಚ್ಚಿದ್ರೆ ಮತ್ತೆ ಉಡ್ಸೋಕಾಗಲ್ಲ, ಸ್ವಲ್ಪ ತಡ್ಕೋ" ಎಂದಿದ್ದರಂತೆ. ತಾಯಿ ಕೆಟ್ಟವಳಲ್ಲ, ಬೆಳಗ್ಗೆ ನಾಲ್ಕಕ್ಕೆ ಎದ್ದು ಉಡಿಸಿದ್ದವಳು. ಮುಂದಿನ ವರ್ಷ ಆ ಹುಡುಗಿ ಯಾವ ಸ್ಪರ್ಧೆಗೂ ಹೆಸರು ಕೊಡಲಿಲ್ಲವೆಂದು ಅವರ ಟೀಚರೇ ಹೇಳಿದರು.

ಅಂದಿನಿಂದ ಕೇಳಿದವರಿಗೂ ಕೇಳದವರಿಗೂ ನಾನು ಹೇಳಿಕೊಡುವುದು ಹೊಲಿದ ಕಚ್ಚೆ. ಹಳೆಯ ಮೆತ್ತನೆಯ ಹತ್ತಿ ಸೀರೆ ತೆಗೆದುಕೊಳ್ಳಿ. ಮಗುವಿನ ಅಳತೆಗೆ ಸಡಿಲವಾದ ಪೈಜಾಮ ಹೊಲಿದು ಸೊಂಟಕ್ಕೆ ಇಲಾಸ್ಟಿಕ್ ಹಾಕಿ. ಲಾಡಿ ಬೇಡ, ಅವಸರಕ್ಕೆ ಗಂಟು ಬೀಳುತ್ತದೆ. ಉಳಿದ ಬಟ್ಟೆಯಲ್ಲಿ ನೆರಿಗೆ ಹಿಡಿದು ಮುಂದಿನ ಸೊಂಟಪಟ್ಟಿಗೆ ಹೊಲಿಯಿರಿ. ಹಿಂದಿನ ಕಚ್ಚೆಯನ್ನೂ ಹಾಗೆಯೇ. ಸೆರಗು ಬೇರೆಯೇ ತುಂಡು, ಭುಜದ ಮೇಲೆ ಎರಡು ಪ್ರೆಸ್ ಬಟನ್. ಇಷ್ಟಾದರೆ ರಾಣಿ ತಾನೇ ಹೋಗಿ ಬರಬಲ್ಲಳು, ಯಾರನ್ನೂ ಕೇಳಬೇಕಿಲ್ಲ. ಜರಿ ಅಂಚು ಬೇಕಿದ್ದರೆ ಹೊರಮೈಗಿರಲಿ. ಕುತ್ತಿಗೆಗೆ, ಕಂಕುಳಿಗೆ ತಾಗುವ ಕಡೆ ಬೇಡವೇ ಬೇಡ. ಬಾಡಿಗೆ ಬಟ್ಟೆಯಾದರೆ ಒಳಗೊಂದು ತೆಳ್ಳನೆಯ ಹತ್ತಿ ಬನಿಯನ್ ಕಡ್ಡಾಯ. ಹಿಂದಿನ ಮಗುವಿನ ಬೆವರು ನಮ್ಮ ಮಗುವಿಗೇಕೆ?

ಕಿರೀಟದ ವಿಷಯದಲ್ಲಿ ನಮ್ಮ ಯಕ್ಷಗಾನದವರಿಂದ ಕಲಿಯಬೇಕು. ರಾತ್ರಿಯಿಡೀ ಕುಣಿಯುವ ವೇಷಧಾರಿ ಅಷ್ಟೊಂದು ಆಭರಣ ಹೇರಿಕೊಂಡಿರುತ್ತಾನಲ್ಲ, ಅವು ಲೋಹದವಲ್ಲ. ಹಗುರವಾದ ಮರವನ್ನು ಕೆತ್ತಿ, ಮೇಲೆ ಬೇಗಡೆ ಅಂಟಿಸಿದವು. ದೂರಕ್ಕೆ ಚಿನ್ನ, ಮೈಗೆ ಹಗುರ. ನಾವು ರಟ್ಟಿನಲ್ಲಿ ಅದನ್ನೇ ಮಾಡಬಹುದು. ರಟ್ಟನ್ನು ನೇರ ಹಣೆಗೆ ಒತ್ತಬಾರದು, ಒಳಗೆ ಹಳೆಯ ಟೊಪ್ಪಿಯೊಂದನ್ನು ಹೊಲಿದು ಕೂರಿಸಬೇಕು. ಬಣ್ಣದಲ್ಲಿ ಮಾತ್ರ ಹಳಬರನ್ನು ಅನುಸರಿಸಬೇಡಿ. ಅವರು ಬಳಸುತ್ತಿದ್ದ ಅರ್ದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ. ಮಕ್ಕಳ ಮುಖಕ್ಕೆ ಮೀಸೆ ಬೇಕಿದ್ದರೆ ಮನೆಯ ಕಾಡಿಗೆ ಸಾಕು. ಋಷಿಯ ಗಡ್ಡದ ಹತ್ತಿಯನ್ನು ಗಲ್ಲಕ್ಕೆ ಅಂಟಿಸದೆ ತೆಳು ಬಟ್ಟೆಗೆ ಹೊಲಿದು ಕಿವಿಗೆ ಸಿಕ್ಕಿಸಿ. ನೀರು ಕುಡಿಯುವಾಗ ಕೆಳಗೆ ಎಳೆದುಕೊಳ್ಳುತ್ತದೆ ಮಗು.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಇಂಜಿನಿಯರು. ಅಲ್ಲಿಯ ಕಾಮಿಕ್ ಕಾನ್‌ಗೆ ಜಪಾನಿನ ಕಾರ್ಟೂನಿನ ಯೋಧೆಯಾಗಿ ಹೋಗುತ್ತಾಳೆ. ಅದಕ್ಕೆ ಕಾಸ್‌ಪ್ಲೇ ಎನ್ನುತ್ತಾರಂತೆ. "ದೊಡ್ಡಮ್ಮ, ಇದು ನಿಮ್ಮ ಛದ್ಮವೇಷವೇ, ವಯಸ್ಸು ಮಾತ್ರ ಜಾಸ್ತಿ" ಎಂದಳು. ಅವಳ ಕವಚ ಉಕ್ಕಿನಂತೆ ಕಾಣುತ್ತದೆ, ಎತ್ತಿ ನೋಡಿದರೆ ಚಪ್ಪಲಿಯ ಅಟ್ಟೆಯಂಥ ಫೋಮ್ ಹಾಳೆ! ಬಿಸಿಗಾಳಿಯಲ್ಲಿ ಬಗ್ಗಿಸಿ ಬಣ್ಣ ಬಳಿದದ್ದು. ಮೊಣಕೈ, ಭುಜ, ಸೊಂಟ ಮಡಿಯುವಲ್ಲಿ ಕವಚವನ್ನು ತುಂಡು ಮಾಡಿ ನಡುವೆ ಇಲಾಸ್ಟಿಕ್ ಪಟ್ಟಿ ಕೊಟ್ಟಿದ್ದಾಳೆ. ಒಳಗೆ ಬೆವರು ಹೀರುವ ಬನಿಯನ್. ಕಾಲಿಗೆ ತನ್ನ ಹಳೆಯ ಷೂ, ಅದರ ಮೇಲೆ ಹೊದಿಕೆ. "ದಿನವಿಡೀ ನಿಲ್ಲೋದು ನಾನು, ನನ್ನ ಕಾಲು ನೋಯಬಾರದಲ್ಲ?" ಎಂದಳು. ದೊಡ್ಡವರು ತಮಗಾಗಿ ಹೊಲಿದುಕೊಳ್ಳುವಾಗ ಇದೆಲ್ಲ ನೆನಪಾಗುತ್ತದೆ. ಮಕ್ಕಳಿಗೆ ಹೊಲಿಯುವಾಗ ನಾವು ವೇಷದ ಹೊರಗೆ ನಿಂತಿರುತ್ತೇವೆ.

ಯಾವ ವೇಷ ಸುಲಭ ಎಂದು ಕೇಳಿದರೆ ನನ್ನ ಮತ ಒನಕೆ ಓಬವ್ವನಿಗೆ. ಅವಳು ಗಂಡನಿಗೆ ಊಟಕ್ಕೆ ನೀರು ತರಲು ಹೊರಟವಳು, ಕಿರೀಟದ ಗೊಡವೆಯೇ ಇಲ್ಲ. 1972ರ 'ನಾಗರಹಾವು' ಚಿತ್ರದ ಜಯಂತಿಯವರನ್ನು ಕಂಡವರಿಗೆ ಬೇರೆ ಗುರುತು ಬೇಕಿಲ್ಲ. ನಿಜವಾದ ಒನಕೆ ಮಾತ್ರ ಬೇಡ. ಬಟ್ಟೆ ಅಂಗಡಿಯಲ್ಲಿ ಬಟ್ಟೆ ಸುತ್ತಿದ ರಟ್ಟಿನ ಕೊಳವೆ ಕೇಳಿದರೆ ಕೊಡುತ್ತಾರೆ, ಕಂದು ಬಣ್ಣ ಬಳಿದರಾಯಿತು. ಅಂಬೇಡ್ಕರ್ ವೇಷಕ್ಕೆ ಸೆಖೆಯಲ್ಲಿ ದಪ್ಪ ಕೋಟು ಏಕೆ? ಲೈನಿಂಗ್ ಇಲ್ಲದೆ ತೆಳುವಾದ ನೀಲಿ ಹತ್ತಿಬಟ್ಟೆಯಲ್ಲಿ ಹೊಲಿದರೂ ಅವರು ಅಂಬೇಡ್ಕರರೇ.

ತೀರ್ಪುಗಾರರಿಗೂ ಒಂದು ಮಾತು. ಕಿರೀಟದ ಎತ್ತರಕ್ಕೆ ಅಂಕ ಕೊಡುವವರೆಗೆ ತಾಯಂದಿರು ಕಿರೀಟ ಎತ್ತರಿಸುತ್ತಲೇ ಇರುತ್ತಾರೆ.

ಹಿಂದಿನ ಸಂಜೆ ಮನೆಯಲ್ಲಿ ಒಮ್ಮೆ ಪೂರ್ತಿ ವೇಷ ಹಾಕಿ ಮಗುವನ್ನು ಅರ್ಧ ಗಂಟೆ ಅದರ ಪಾಡಿಗೆ ಬಿಡಿ. ನೆಲದ ಮೇಲೆ ಕೂರಲಿ, ನೀರು ಕುಡಿಯಲಿ, ಬಚ್ಚಲಿಗೆ ಹೋಗಿ ಬರಲಿ, ಕೈ ಎತ್ತಿ ಮಾತು ಒಪ್ಪಿಸಲಿ. ಎಲ್ಲಿ ಕೆರೆದುಕೊಳ್ಳುತ್ತದೋ ಅಲ್ಲಿ ಕತ್ತರಿ ಹಾಕಿ. ಹಾಗೆಯೇ ಒಂದು ಜೇಬು ಇಡಿ. ರಾಣಿಯರಿಗೆ ಜೇಬು ಎಲ್ಲಿತ್ತು ಎಂದು ನಮ್ಮ ಇತಿಹಾಸದ ಮೇಷ್ಟ್ರು ಕೇಳಿದರು. ಮಳೆಗಾಲದ ನೆಗಡಿ ಹಿಡಿದ ರಾಣಿಗೆ ಕರ್ಚೀಫು ಬೇಕೇ ಬೇಕು ಸಾರ್, ಪೈಜಾಮದ ಬಲಕ್ಕೆ, ನೆರಿಗೆಯ ಮರೆಯಲ್ಲಿ, ಯಾರಿಗೂ ಕಾಣುವುದಿಲ್ಲ ಎಂದೆ.