ದೇವರೂ ಇಳಿದುಬರುವ ಬೆಟ್ಟ

ಬೆಂಗಳೂರಿನ ಪಡುವಣ ಬಡಾವಣೆಗಳಲ್ಲಿ ಹಿಮಾಲಯಕ್ಕೆ ಹೊರಟವರನ್ನು ಗುರುತಿಸುವುದು ಕಷ್ಟವಲ್ಲ. ಚೈತ್ರದ ಸುಡುಬಿಸಿಲಿನಲ್ಲಿ ತಾರಸಿಯ ಹಗ್ಗದ ಮೇಲೆ ಮಂಕಿ ಕ್ಯಾಪ್, ಉಣ್ಣೆಯ ಕಾಲುಚೀಲ, ಸ್ವೆಟರುಗಳು ತೂಗುತ್ತಿದ್ದರೆ, ಆ ಮನೆಯವರು ಕೇದಾರಕ್ಕೆ ಸಿದ್ಧರಾಗುತ್ತಿದ್ದಾರೆಂದೇ ತಿಳಿಯಬಹುದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಎಷ್ಟೋ ದಂಪತಿಗಳಿಗೆ ಮಕ್ಕಳ ಮದುವೆಯೂ ಮನೆಯ ಸಾಲವೂ ತೀರಿದ ಮೇಲೆ ಕೈಗೊಳ್ಳುವ ಮೊದಲ ದೊಡ್ಡ ಪಯಣ ಇದು. ಚಟ್ನಿಪುಡಿ, ಕೋಡುಬಳೆಗಳ ಡಬ್ಬಿಗಳೊಡನೆ ಅವರು ಒಂದು ಅವಸರವನ್ನೂ ಕಟ್ಟಿಕೊಂಡು ಹೊರಡುತ್ತಾರೆ. ಹತ್ತು ದಿನಗಳಲ್ಲಿ ನಾಲ್ಕು ಧಾಮ. ಕೇದಾರಕ್ಕೆ ಒಂದೇ ರಾತ್ರಿ. ಉಳಿದ ಹಿಮಾಲಯವೆಲ್ಲ ಬಸ್ಸಿನ ಕಿಟಕಿಯಾಚೆ ಓಡುವ ಚಿತ್ರ.

ಅಷ್ಟು ದೂರದ ಹಿಮಪ್ರದೇಶ ಕನ್ನಡಿಗರಿಗೆ ಪರದೇಶವೇನಲ್ಲ. ಬಾಳೆಹೊನ್ನೂರು, ಉಜ್ಜಯಿನಿ, ಶ್ರೀಶೈಲ, ಕಾಶಿಗಳೊಡನೆ ಕೇದಾರವೂ ವೀರಶೈವ ಪಂಚಪೀಠಗಳಲ್ಲಿ ಒಂದು. ಕೇದಾರನಾಥನ ಮುಖ್ಯಾಧಿಕಾರಿಯಾದ ರಾವಲರು ಪರಂಪರೆಯಿಂದ ವೀರಶೈವ ಸಮುದಾಯದವರು. ಕರ್ನಾಟಕದೊಡನೆ ಆ ಪೀಠದ ನಂಟು ಬಹುಕಾಲದ್ದು. ರಾವಲರು ತಾವೇ ಪೂಜೆ ಮಾಡುವುದಿಲ್ಲ. ಅವರ ಅಪ್ಪಣೆಯಂತೆ ಅರ್ಚಕರು ಸರದಿಯಿಂದ ನಡೆಸುತ್ತಾರೆ. ಬಯಲುಸೀಮೆಯ ಬಿಸಿಲಿನಲ್ಲಿ ಬೆಳೆದವರು ಹಿಮದ ನಡುವೆ ದೇವರ ಸೇವೆಗೆ ನಿಂತ ಈ ಸಂಪ್ರದಾಯ ಸಾಮಾನ್ಯವಾದುದಲ್ಲ.

ಆ ನಾಡಿನ ಸೌಂದರ್ಯ ರುದ್ರಪ್ರಯಾಗದಿಂದಲೇ ತೆರೆದುಕೊಳ್ಳುತ್ತದೆ. ಅಲ್ಲಿ ಮಂದಾಕಿನಿ ಅಲಕನಂದೆಯನ್ನು ಕೂಡುತ್ತಾಳೆ. ಮಂದಾಕಿನಿಯ ಜಾಡು ಹಿಡಿದು ಮೇಲೇರಿದರೆ ಕಣಿವೆಯ ಒಂದು ಪಕ್ಕದಲ್ಲಿ ಗುಪ್ತಕಾಶಿ, ಎದುರು ಪಕ್ಕದಲ್ಲಿ ಊಖೀಮಠ. ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಲಗಳು. ಗೌರೀಕುಂಡದಿಂದ ಮುಂದೆ ಕಾಲ್ನಡಿಗೆ, ಕುದುರೆ ಅಥವಾ ಡೋಲಿ. ಹಿಂದೆ 14 ಕಿಲೋಮೀಟರಿದ್ದ ಆ ದಾರಿ ಈಗ ಸುಮಾರು 16 ಕಿಲೋಮೀಟರು. ಅದರ ತುದಿಯಲ್ಲಿ, ಸಮುದ್ರಮಟ್ಟದಿಂದ 3,583 ಮೀಟರು ಎತ್ತರದಲ್ಲಿ, ಕಲ್ಲಿನ ಗುಡಿ. ಅದರ ಬೆನ್ನಿಗೆ 6,940 ಮೀಟರಿನ ಕೇದಾರ ಶಿಖರ. ಸುಮಾರು 920 ಮೀಟರು ಎತ್ತರದ ಬೆಂಗಳೂರಿನಿಂದ ಹೋದವರ ಉಸಿರು ಅಲ್ಲಿ ಗಿಡ್ಡವಾಗುತ್ತದೆ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವುದು ಅಲ್ಲಿ ಸೋಮಾರಿತನವಲ್ಲ, ವಿವೇಕ.

ಈ ವಿವೇಕ ಸುಲಭವಾಗಿ ಬರುವಂಥದಲ್ಲ. ವಿಜಯನಗರದ ಒಬ್ಬ ನಿವೃತ್ತ ನೌಕರರಿಗೆ ಕೇದಾರದಿಂದ ಸುಮಾರು ಎಂಟು ಕಿಲೋಮೀಟರು ಮೇಲಿರುವ ವಾಸುಕಿ ತಾಲ್ ಸರೋವರವನ್ನು ನೋಡಬೇಕೆಂಬುದು ಬಹುಕಾಲದ ಹಂಬಲ. ದರ್ಶನವಾದ ಮರುದಿನ ಬೆಳಗ್ಗೆ ಅವರಿಗೆ ತಲೆ ಸಿಡಿಯುತ್ತಿತ್ತು. ಚಹಾ ಸಹ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆದರೂ ಕೋಲು ಹಿಡಿದು ಎದ್ದರು.

“ಇಷ್ಟು ದೂರ ಬಂದು ನೋಡದೆ ಹೋಗುವುದೇನೇ? ಇನ್ನೊಮ್ಮೆ ಬರುವ ವಯಸ್ಸೇ ಇದು?”

ಹೆಂಡತಿ ಕೋಲನ್ನು ಮೆಲ್ಲನೆ ತೆಗೆದುಕೊಂಡರು. “ಏನೂಂದ್ರೆ, ಚಳಿ ಬಂದರೆ ದೇವರೇ ಇಲ್ಲಿಂದ ಇಳಿದುಹೋಗುತ್ತಾನಂತೆ. ನಾವು ಇಳಿದರೆ ಅವಮಾನವೇನು?”

ಅವರು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ ಚೀಲ ಕಟ್ಟಿದರು. ಎತ್ತರದ ಬೇನೆಗೆ ಇಳಿಯುವುದೇ ಮೊದಲ ಮದ್ದು. ಗೌರೀಕುಂಡ ತಲಪುವ ವೇಳೆಗೆ ತಲೆನೋವು ಮಂಜಿನಂತೆ ಕರಗಿತ್ತು.

ಬೆಟ್ಟದ ಮಾತನ್ನು ಕೇಳದಿದ್ದರೆ ಏನಾದೀತೆಂಬುದಕ್ಕೆ ಗುಡಿಯ ಹಿಂದಿನ ನೆಲವೇ ಸಾಕ್ಷಿ. ಹಿಮನದಿಯೆಂಬುದು ನಿಂತ ಹಿಮವಲ್ಲ. ತನ್ನ ಭಾರಕ್ಕೆ ತಾನೇ ಮೆಲ್ಲನೆ ಜಾರುವ ಮಂಜುಗಡ್ಡೆಯ ಹೊಳೆ. ಜಾರುವಾಗ ಕಲ್ಲುಮಣ್ಣನ್ನು ಇಕ್ಕೆಲಗಳಲ್ಲಿ ದಿಬ್ಬವಾಗಿ ಒಟ್ಟುತ್ತದೆ. ಮಂದಾಕಿನಿಯ ತಾಯಿಯಾದ ಚೋರಾಬಾರಿ ಹಿಮನದಿಯ ಪಕ್ಕದಲ್ಲಿ ಅಂಥ ದಿಬ್ಬವೊಂದು ನೀರು ತಡೆದು ಸರೋವರವಾಗಿತ್ತು. 1948ರಲ್ಲಿ ಮಹಾತ್ಮರ ಚಿತಾಭಸ್ಮವನ್ನು ಅಲ್ಲಿ ವಿಸರ್ಜಿಸಿದ್ದರಿಂದ ಗಾಂಧಿ ಸರೋವರವೆಂದೂ ಹೆಸರು. 2013ರ ಜೂನ್‌ನಲ್ಲಿ ಎಡೆಬಿಡದೆ ಮಳೆ ಸುರಿಯಿತು, ಹಿಮವೂ ಕರಗಿತು. 17ರ ಬೆಳಗ್ಗೆ ದಿಬ್ಬ ಒಡೆದು, ಸರೋವರ ಕೆಲವೇ ನಿಮಿಷಗಳಲ್ಲಿ ಬರಿದಾಯಿತು. ದಾರಿಯ ರಾಮಬಾಡಾ ಎಂಬ ತಂಗುದಾಣ ಹೆಸರಷ್ಟೇ ಆಗಿ ಉಳಿಯಿತು. ಉತ್ತರಾಖಂಡದಲ್ಲಿ ಆ ಪ್ರವಾಹಕ್ಕೆ ಬಲಿಯಾದವರು 5,000ಕ್ಕೂ ಹೆಚ್ಚು. ಉರುಳಿಬಂದ ಹೆಬ್ಬಂಡೆಯೊಂದು ಗುಡಿಯ ಹಿಂದೆ ನಿಂತು ನೀರನ್ನು ಸೀಳಿದ್ದರಿಂದ ಗುಡಿ ಉಳಿಯಿತು. ಭಕ್ತರು ಅದನ್ನು ಭೀಮಶಿಲೆಯೆಂದು ಕರೆದು ಕೈಮುಗಿಯುತ್ತಾರೆ.

ಪಡುವಣ ಬೆಂಗಳೂರಿನವರು ಮಂದಾಕಿನಿಯ ತಣ್ಣೀರನ್ನು ಬೊಗಸೆಯಲ್ಲಿ ಹಿಡಿದಾಗ ತಮ್ಮೂರ ಹೊಳೆಯನ್ನು ನೆನೆಯದಿರಲಾರರು. ಬೆಂಗಳೂರಿನ ಒಡಲಲ್ಲೇ ಹುಟ್ಟಿ, ಮೈಸೂರು ರಸ್ತೆಯ ಬಳಿಯಲ್ಲಿ, ಕೆಂಗೇರಿಯ ಪಕ್ಕದಲ್ಲಿ ಹರಿದು ಅರ್ಕಾವತಿಯನ್ನು ಸೇರುವ ವೃಷಭಾವತಿಗೂ ಒಂದು ಕಾಲದಲ್ಲಿ ತಿಳಿನೀರಿತ್ತು. ಗಾಳಿ ಆಂಜನೇಯನ ಗುಡಿ ಅವಳ ದಡದಲ್ಲೇ ಎದ್ದಿತ್ತು. ಈಗ ಸೇತುವೆ ದಾಟುವಾಗ ಜನ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಹೊಳೆ ಒಂದೇ ದಿನ ಸಾಯುವುದಿಲ್ಲ. ದಿನಕ್ಕಿಷ್ಟು ಕಸ ಸಾಕೆಂಬುದನ್ನು ಕಣ್ಣಾರೆ ಕಂಡವರು ಅವರು. ಗೌರೀಕುಂಡದ ದಾರಿಯಲ್ಲಿ ಪ್ಲಾಸ್ಟಿಕ್ ಬಾಟಲಿಯನ್ನು ಪ್ರಪಾತಕ್ಕೆ ಎಸೆಯುವ ಕೈ ಅವರದಾಗಬಾರದು.

ಅವಸರಕ್ಕೆ ಮಾತ್ರ ದಿನೇ ದಿನೇ ಹೊಸ ಸಾಧನಗಳು. ಹೆಲಿಕಾಪ್ಟರ್ ಈಗಾಗಲೇ ಹಾರುತ್ತಿದೆ. ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರಿನ ರೋಪ್‌ವೇಗೆ 2025ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು; ಎಂಟೊಂಬತ್ತು ಗಂಟೆಯ ಪಯಣವನ್ನು ಸುಮಾರು 36 ನಿಮಿಷಕ್ಕೆ ಇಳಿಸುವುದು ಅದರ ಉದ್ದೇಶ. ಮಂಡಿನೋವಿನ ಮುದುಕಿಗೂ ದರ್ಶನವಾಗಲೆಂಬ ಮಾತನ್ನು ಅಲ್ಲಗಳೆಯಲಾಗದು. ಆದರೆ ಮೇಲೆ ಬೇಗ ತಲಪಿದ ದೇಹ ಅಲ್ಲಿನ ಗಾಳಿಗೆ ಬೇಗ ಹೊಂದುವುದಿಲ್ಲ, ಕಣ್ಣೂ ಅಷ್ಟೆ.

ಉಳಿಸಿದ ಹೊತ್ತನ್ನು ತಗ್ಗಿನ ತಾಣಗಳಿಗೆ ಕೊಟ್ಟರೆ ಬೆಟ್ಟ ನಿಧಾನವಾಗಿ ಮಾತಿಗೆ ತೊಡಗುತ್ತದೆ. ಚೋಪ್ತಾದ ಹುಲ್ಲುಗಾವಲಿನಿಂದ ಸುಮಾರು ನಾಲ್ಕು ಕಿಲೋಮೀಟರು ನಡೆದರೆ 3,680 ಮೀಟರಿನಲ್ಲಿ ತುಂಗನಾಥನ ಗುಡಿ. ವಸಂತದಲ್ಲಿ ಆ ಸೀಮೆಯೆಲ್ಲ ಬುರಾಂಶ್ ಹೂವಿನ ಕೆಂಪು. ಸಾರಿ ಗ್ರಾಮದ ಮೇಲೆ, ಸುಮಾರು 2,400 ಮೀಟರು ಎತ್ತರದ ಕಾಡಿನ ನಡುವೆ ದೇವರಿಯಾ ತಾಲ್. ವಾಸುಕಿಯನ್ನು ಬಿಟ್ಟುಬಂದ ವಿಜಯನಗರದ ದಂಪತಿಗಳು ಊಖೀಮಠದಲ್ಲಿ ಎರಡು ದಿನ ಸುಧಾರಿಸಿಕೊಂಡು, ಹೆಜ್ಜೆಗೊಮ್ಮೆ ನಿಂತು ಅಲ್ಲಿಗೆ ಹತ್ತಿದರು. ಮುಂಜಾನೆಯ ನಿಶ್ಚಲ ನೀರಿನಲ್ಲಿ 7,138 ಮೀಟರಿನ ಚೌಖಂಬಾ ಶಿಖರ ತಲೆಕೆಳಗಾಗಿ ಇಳಿದುಬಂದಿತ್ತು. ಏರಲಾಗದವರ ಕಾಲಬಳಿಗೆ ಬೆಟ್ಟವೇ ಬಂದಂತಿತ್ತು. ಗಂಡ ಏನೂ ಹೇಳಲಿಲ್ಲ. ಚೀಲದಿಂದ ಕೋಡುಬಳೆಯ ಡಬ್ಬಿ ತೆಗೆದು ಮೊದಲು ಹೆಂಡತಿಗೆ ಕೊಟ್ಟರು.

ದೀಪಾವಳಿ ಕಳೆದು ಯಮದ್ವಿತೀಯೆ ಬಂದಾಗ ಕೇದಾರದ ಬಾಗಿಲು ಮುಚ್ಚುತ್ತದೆ. ಉತ್ಸವಮೂರ್ತಿ ಡೋಲಿಯೇರಿ, ರಾವಲರೂ ಅರ್ಚಕರೂ ಜೊತೆಗೂಡಿ, 1,311 ಮೀಟರಿನ ಊಖೀಮಠದ ಓಂಕಾರೇಶ್ವರ ಗುಡಿಗೆ ಇಳಿಯುತ್ತದೆ. ಮತ್ತೆ ಎಂದು ಏರಬೇಕೆಂಬುದು ಶಿವರಾತ್ರಿಯಂದು ಅಲ್ಲೇ ಗೊತ್ತಾಗುವುದು. ಆ ಆರು ತಿಂಗಳು ಮೇಲಿನ ಕಣಿವೆಯಲ್ಲಿ ಬೇಡುವವರ ಗದ್ದಲವಿಲ್ಲ. ಹಿಮ ಬಿದ್ದು, ಮೆಟ್ಟಿಲು ಮುಚ್ಚಿ, ದಾರಿ ಅಳಿಸಿ, ಬೆಟ್ಟ ತನ್ನ ಪಾಲಿನ ಅರ್ಧ ವರ್ಷವನ್ನು ತಾನೇ ಇಟ್ಟುಕೊಳ್ಳುತ್ತದೆ.